ಹೆಣವನ್ನು ಎಬ್ಬಿಸುವ ಹೆಸರು

ಇಂಡಿ ಊರಿನ ಗೆಳೆಯರ ನಾಟ್ಯ ಸಂಘದವರು ಆ ವರ್ಷದ ಸೀಸನ್ನಿನ ಹ್ಯಾಂಡ್‌ಬಿಲ್ಲುಗಳನ್ನು ಗುಲಾಬಿ ಕಾಗದದ ಮೇಲೆ ಅಚ್ಚು ಹಾಕಿಸಿ ಊರ ತುಂಬ ಹಂಚಿದಾಗ ಎಲ್ಲರೂ ಹಿಗ್ಗಿದರು. ಹಿಗ್ಗದವಳು ಒಬ್ಬಳೇ. ಅದರಲ್ಲಿ ಎಲ್ಲರಿಗಿಂತ ದಪ್ಪ ಅಕ್ಷರದಲ್ಲಿ ಯಾರ ಹೆಸರಿತ್ತೋ ಆ ಗುರುಲಿಂಗಪ್ಪನ ಹೆಂಡತಿ ದಾನೇಶ್ವರಿ. ಅವಳು ಕಾಗದ ಓದಿ, ಮಡಚಿ, ಮತ್ತೆ ಬಿಚ್ಚಿ ಓದಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು.

ನಾಲ್ಕು ತಾಲೂಕಿಗೆ ನಾಲ್ಕು ನಾಟಕ. ದೀಪಾವಳಿ ಕಳೆದ ಮೇಲೆ ಇಂಡಿಯಲ್ಲಿ ‘ಕೋಟೆ ಕಾಯ್ದ ಕಡುಗಲಿ ಅರ್ಥಾತ್ ಮಾತಿಗೆ ಮಡಿದ ಮಾನಧನ’ ಎಂಬ ಸಂಗೀತ ನಾಟಕ. ಆಮೇಲೆ ಸಿಂದಗಿಯಲ್ಲಿ ಒಂದು ಸಾಮಾಜಿಕ, ಮುದ್ದೇಬಿಹಾಳದಲ್ಲಿ ಒಂದು ನಗೆನಾಟಕ, ಕಡೆಗೆ ಬಸವನ ಬಾಗೇವಾಡಿಯಲ್ಲಿ ಮತ್ತೆ ಸಂಗೀತ. ಅದು ತೊಂಬತ್ತೇಳನೆಯ ಇಸವಿ. ಮನೆಮನೆಗೆ ಕೇಬಲ್ ಬಂದು ಮಂದಿ ಸಂಜೆಯಾದರೆ ಡಬ್ಬಿಯ ಮುಂದೆ ಬಾಯಿ ತೆರೆದು ಕೂಡುತ್ತಿದ್ದರು. ಆದರೂ ನಾಟಕ ಅಂದರೆ ಚಾಪೆ ಸುತ್ತಿಕೊಂಡು ಹೊರಡುವ ಜನ ಇನ್ನೂ ಇದ್ದರು. ಈ ಜನರದು ಒಂದೇ ಹಟ. ‘ಅರ್ಥಾತ್’ ಇಲ್ಲದ ನಾಟಕಕ್ಕೆ ಬರುವುದಿಲ್ಲ, ಹೀರೋ ಸಾಯದ ನಾಟಕದ ಕಡೆಗಂತೂ ಹೊರಳಿಯೂ ನೋಡುವುದಿಲ್ಲ.

ಸಾಯುವುದರಲ್ಲಿ ಗುರುಲಿಂಗಪ್ಪನನ್ನು ಸರಿಗಟ್ಟುವವರು ಜಿಲ್ಲೆಯಲ್ಲೇ ಇರಲಿಲ್ಲ. ಹಗಲೆಲ್ಲ ನಿಂಬೆಹಣ್ಣಿನ ದಲಾಲಿ ಮಾಡುವ ಈ ಮನುಷ್ಯ ಕಿರೀಟ ಇಟ್ಟುಕೊಂಡು ನಿಂತರೆ ಬೇರೆಯೇ ಆಗಿಬಿಡುತ್ತಿದ್ದ. ಎದೆಗೆ ಕತ್ತಿ ನಾಟಿದ ಮೇಲೂ ಏರುದನಿಯಲ್ಲಿ ಒಂದು ಪೂರಾ ಹಾಡು ಹಾಡಿ, ಒನ್ಸ್‌ಮೋರ್ ಬಂದರೆ ಅದನ್ನೇ ಮತ್ತೊಮ್ಮೆ ಹಾಡಿ, ಗಿರ್ರನೆ ತಿರುಗಿ ದಿಡಿಲ್ಲನೆ ಬೀಳುತ್ತಿದ್ದ. ಬಿದ್ದನೆಂದರೆ ಮುಗಿಯಿತು, ಉಸಿರಾಡುವುದೂ ಕಾಣದು. ಹೆಂಗಸರು ಸೆರಗು ಕಚ್ಚಿ ಅಳುತ್ತಿದ್ದರು. ದಾನೇಶ್ವರಿ ಮಾತ್ರ ಅತ್ತಿದ್ದಿಲ್ಲ. ಅವಳಿಗೆ ನಗುವೇ ಬರುತ್ತಿತ್ತು, ಹೋದ ವರ್ಷದವರೆಗೆ.

ಈ ವರ್ಷ ಶ್ರಾವಣದಲ್ಲಿ ಅವನು ಊಟಕ್ಕೆ ಕೂತವನು ಎಡಗಡೆಯ ಎದೆ ಹಿಡಿದುಕೊಂಡು ತಾಟಿನ ಮೇಲೆ ಬಾಗಿದ. ಬಿಜಾಪುರದ ಡಾಕ್ಟರು ತಪಾಸಣೆ ಮಾಡಿ, ಹೃದಯ ಸೋತಿದೆ, ಭಾರ ಎತ್ತುವಂತಿಲ್ಲ, ಒದರಾಡುವಂತಿಲ್ಲ, ನಾಟಕ ಗೀಟಕ ಇದ್ದರೆ ಇವತ್ತಿಗೇ ಕೈಮುಗಿಯಿರಿ ಎಂದು ಸ್ಪಷ್ಟವಾಗಿ ಹೇಳಿದ್ದರು. ದವಾಖಾನೆಯ ಗೇಟು ದಾಟುವುದಕ್ಕೂ ಬಿಡದೆ ಗುರುಲಿಂಗಪ್ಪ ಹೆಂಡತಿಯ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ.

“ಯಾರಿಗೂ ಹೇಳೂದಿಲ್ಲಂತ ಆಣಿ ಮಾಡು.”

“ಏನ್ ಮಾತ್ರೀ ಇದು? ಡಾಕ್ಟರು ಏನಂದ್ರು ಕೇಳ್ಲಿಲ್ಲೇನು?”

“ಸಂಘದಾಗ ಗೊತ್ತಾತಂದ್ರ ನನಗ ಪರದೆ ಎಳಿಯೂ ಕೆಲಸಾನೂ ಕೊಡಂಗಿಲ್ಲ. ನೀ ಆಣಿ ಮಾಡು ಮೊದ್ಲ.”

ಅವಳು ಮಾಡಿದಳು. ನಾಲ್ಕು ಮಂದಿಯ ಎದುರು ಗಂಡ ಹಾಗೆ ಕೈ ಹಿಡಿದು ನಿಂತರೆ ಯಾವ ಹೆಂಗಸು ಮಾಡುವುದಿಲ್ಲ? ಆದರೆ ಆ ಹೊತ್ತಿನಿಂದ ಅವಳಿಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಗುಳಿಗೆಗಳನ್ನು ಅವನು ಕೆಲವು ದಿನ ನುಂಗಿ, ಗಂಟಲು ಒಣಗುತ್ತದೆ, ದನಿ ಏಳುವುದಿಲ್ಲ ಎಂದು ಬಿಟ್ಟುಬಿಟ್ಟ. ದನಿಯ ಮುಂದೆ ಅವನಿಗೆ ಜೀವ ಯಾವ ಲೆಕ್ಕ!

ಇಷ್ಟೇ ಆಗಿದ್ದರೆ ಒಂದು ಚಿಂತೆ. ಅದರ ಮೇಲೆ ಇನ್ನೊಂದು ಬಂತು.

ಗೆಳೆಯರ ಸಂಘದಲ್ಲಿ ಒಂದು ಪದ್ಧತಿ ಇತ್ತು. ರಂಗದ ಮೇಲೆ ಹೆಣವಾಗಿ ಮಲಗಿದವನು ತಾನಾಗಿ ಏಳಕೂಡದು. ಅವನ ಮನೆಯವರು ಯಾರಾದರೂ ಹುಟ್ಟುಹೆಸರು ಹಿಡಿದು ಕರೆಯಬೇಕು, ಅವನು ‘ಓ’ ಅನ್ನಬೇಕು, ಆಮೇಲೆ ಏಳಬೇಕು. ಅಲ್ಲಿಯವರೆಗೆ ಬೇರೆ ಯಾರೂ ಅವನನ್ನು ಮುಟ್ಟಕೂಡದು. ಬಣ್ಣ ಹಚ್ಚಿದ ಮೊದಲ ತಾಲೀಮಿಗೂ ಇದೇ ನೇಮ. ಹಿಂದೆ ಮುಳವಾಡದ ಕಡೆಯ ನಟನೊಬ್ಬ ಹೆಣವಾಗಿ ಮಲಗಿದ್ದವನು, ಚಹಾ ಬಂತೆಂದು ಯಾರೂ ಕರೆಯುವ ಮುಂಚೆಯೇ ತಾನೇ ಎದ್ದು ಹೋದನಂತೆ. ವಾರ ತುಂಬುವುದರೊಳಗೆ ನಿಜವಾಗಿಯೂ ಮಲಗಿದನಂತೆ. ಕಂಡವರು ಯಾರೂ ಇರಲಿಲ್ಲ, ನಂಬದವರೂ ಯಾರೂ ಇರಲಿಲ್ಲ.

ಗುರುಲಿಂಗಪ್ಪನನ್ನು ಎಬ್ಬಿಸುವ ಕೆಲಸ ಅವನ ತಾಯಿ ಸಾವಿತ್ರವ್ವನದಾಗಿತ್ತು. ಪರದೆಯ ಸಂದಿಯಲ್ಲಿ ನಿಂತು, “ಏ ಗುರ್ಲಿಂಗಾ, ಏಳೋ ಮಗನ, ರೊಟ್ಟಿ ಆರ್ತಾವು!” ಎಂದು ಆಕೆ ಕೂಗಿದರೆ ಅತ್ತ ಮಂದಿಯೆಲ್ಲ ಕಣ್ಣೊರೆಸಿಕೊಂಡು ನಗುತ್ತಿತ್ತು. ಆ ಸಾವಿತ್ರವ್ವ ಬೇಸಿಗೆಯಲ್ಲಿ ತೀರಿಕೊಂಡಳು. ಮನೆತನದಲ್ಲಿ ಗುರುಲಿಂಗಪ್ಪನಿಗಿಂತ ಹಿರಿಯರು ಇನ್ನು ಯಾರೂ ಉಳಿದಿರಲಿಲ್ಲ. ಆಲಮೇಲಕ್ಕೆ ಕೊಟ್ಟ ಮಗಳಿದ್ದಳು ನಿಜ. ಮಗಳು ಅಪ್ಪನ ಹೆಸರು ಹಿಡಿದು ಕೂಗುವುದುಂಟೇ?

ಸಂಘದ ಕಾರ್ಯದರ್ಶಿ ಸಂಗಮೇಶ ಹೈಸ್ಕೂಲಿನ ಮಾಸ್ತರ, ನಾಟಕ ಆಡಿಸುವವನೂ ಅವನೇ. ಒಂದು ಸಂಜೆ ಮನೆಗೆ ಬಂದು ಚಹಾ ಕುಡಿದು ಕಪ್ಪು ಕೆಳಗಿಡುತ್ತ ವಿಷಯ ಎತ್ತಿದ.

“ವೈನಿ, ಈ ಸಲ ಅಣ್ಣಾರನ್ನ ನೀವ ಎಬ್ಬಿಸಬೇಕ್ರಿ.”

ದಾನೇಶ್ವರಿ ಎತ್ತಿಕೊಂಡ ಕಪ್ಪನ್ನು ಮತ್ತೆ ಕೆಳಗಿಟ್ಟಳು. “ನಾನೇನ್ರಿ? ನಾ ಹ್ಯಾಂಗ್ರಿ ಅವರ ಹೆಸರು ತಗೊಳ್ಲಿ?”

“ಮತ್ತ ಯಾರ್ರಿ ಅದಾರ? ದೊಡ್ಡವರು ಹೋಗಿಬಿಟ್ರು. ಕರಿಯಲಾರ್ದ ಬಿಟ್ರ ಹುಡುಗ್ರು ರಂಗಕ್ಕ ಕಾಲಿಡಂಗಿಲ್ಲ ಅನ್ನಾಕತ್ತಾರ. ಒಡಪು ಹಾಕಿ ಕರೀರಿ ಬೇಕಾದ್ರ. ಒಡಪಿನಾಗ ಹೆಸರು ಹೇಳಿದ್ರ ದೋಷ ಇಲ್ಲ.”

ಮಂಚದ ಮೇಲೆ ಒರಗಿದ್ದ ಗುರುಲಿಂಗಪ್ಪ ಹೋ ಎಂದು ನಕ್ಕ. “ಮದುವ್ಯಾಗ ಒಮ್ಮೆ ಒಡಪು ಹಾಕ್ಯಾಳಪಾ, ಅದೂ ಅರ್ಧಕ್ಕ ನಿಂತಿತ್ತು. ಹೆಸರು ಬರೂದ್ರಾಗ ಅತ್ತಬಿಟ್ಳು.”

ಅದು ಸುಳ್ಳಲ್ಲ. ಪ್ರಾಸ ಕಟ್ಟಿ, ಪ್ರಾಸದ ನಡುವೆ ಗಂಡನ ಹೆಸರು ಇಟ್ಟು ಒಡಪು ಹೇಳುವುದರಲ್ಲಿ ಅವಳ ವಾರಗೆಯವರೆಲ್ಲ ಚುರುಕಾಗಿದ್ದರು. ಅವಳಿಗೆ ಮಾತ್ರ ಮದುವೆಯ ಹಂದರದಲ್ಲೇ ನಾಲಿಗೆ ಕಟ್ಟಿತ್ತು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅಜ್ಜಿ ಹೇಳಿದ ಮಾತು ಎಲ್ಲೋ ಒಳಗೆ ಕೂತುಬಿಟ್ಟಿತ್ತು. ಮತದಾರರ ಪಟ್ಟಿಯವರು ಬಂದಾಗಲೂ ಅವಳು ಪಕ್ಕದ ಮನೆಯವರ ಕಡೆ ಕೈ ತೋರಿಸುತ್ತಿದ್ದಳು.

ಈಗ ನೋಡಿ ಅವಳ ಪಾಡು. ಕರೆದರೆ ಆಯುಷ್ಯ ಸವೆಯುತ್ತದೆ, ಕರೆಯದಿದ್ದರೆ ಮುಳವಾಡದವನ ಗತಿ. ಎದೆನೋವಿನ ಸುದ್ದಿ ಬಾಯಿಬಿಟ್ಟರೆ ಆಣೆ ಮುರಿದು ಅವನ ತಲೆಗೇ ಸುತ್ತಿಕೊಳ್ಳುತ್ತದೆ, ಬಿಡದಿದ್ದರೆ ಹಾಡುತ್ತ ಹಾಡುತ್ತಲೇ ಎದೆ ನಿಲ್ಲುತ್ತದೆ. ಅತ್ತ ದರಿ ಇತ್ತ ಪುಲಿ ಅಂದರೆ ಇದೇ. ದರಿಯಲ್ಲಿ ಬೀಳುವವನೂ ಅವನೇ, ಪುಲಿಯ ಬಾಯಿಗೆ ಸಿಗುವವನೂ ಅವನೇ, ನಡುವೆ ನಿಂತು ನಡುಗುವವಳು ಇವಳು.

ನೆರೆಮನೆಯ ಶಂಕ್ರೆವ್ವ ಒಡಪು ಕಟ್ಟುವುದರಲ್ಲಿ ಓಣಿಗೆಲ್ಲ ಗುರು. ಹಲ್ಲು ಉದುರಿದ್ದರೂ ನಾಲಿಗೆ ಹರಿತವಾಗಿತ್ತು. ಅವಳಿಗೆ ಎದೆನೋವಿನ ಸುದ್ದಿ ಗೊತ್ತಿರಲಿಲ್ಲ. ಕೇಳಿದ್ದೇ ತಡ, ಸೊಪ್ಪು ಸೋಸುತ್ತಲೇ ಕಟ್ಟಿಕೊಟ್ಟಳು.

“ಬನದಾಗ ಬಿಟ್ಟೈತಿ ನಿಂಬಿಯ ಹೂವು,
ಮನದಾಗ ಇರಬಾರ್ದು ಎಳ್ಳಷ್ಟು ನೋವು,
ಗುರುಲಿಂಗಪ್ಪನವ್ರ, ಎದ್ದು ಬರ್ರಿ ನೀವು.”

“ಎಷ್ಟ ಹಗೂರ ಐತಿ ನೋಡು. ಅನ್ನು,” ಎಂದಳು.

ದಾನೇಶ್ವರಿ ಹೂವಿನವರೆಗೆ ಹೋದಳು, ನೋವಿನವರೆಗೆ ಹೋದಳು. ಅಲ್ಲಿಗೆ ನಿಂತಳು.

“ಅಯ್ಯ, ನಿನ್ನ ಗಂಡ ಹುಲಿ ಏನ? ಹೆಸರ ತಗೊಂಡ್ರ ಬಂದು ತಿಂತಾನಂತ ಅಂಜಾಕ?” ಶಂಕ್ರೆವ್ವ ಬಾಯ್ತುಂಬ ನಕ್ಕಳು. ದಾನೇಶ್ವರಿಗೆ ನಗು ಬರಲಿಲ್ಲ. ಒಲೆಯ ಮುಂದೆ, ಬಚ್ಚಲಿನಲ್ಲಿ, ದೇವರ ಜಗುಲಿಯ ಹತ್ತಿರ ಎಲ್ಲ ಕಡೆ ಹೇಳಿನೋಡಿದಳು. ಮೂರನೆಯ ಸಾಲಿಗೆ ಬಂದರೆ ತಿರುಗಿ ಮೊದಲನೆಯ ಸಾಲಿಗೇ ಹೋಗಿಬಿಡುತ್ತಿದ್ದಳು.

ತಾಲೀಮಿನ ಹಿಂದಿನ ಸಂಜೆ ಅವಳು ಕಡೆಯ ಸಲ ಪ್ರಯತ್ನಪಟ್ಟಳು. ಗುರುಲಿಂಗಪ್ಪ ಕನ್ನಡಿಯ ಮುಂದೆ ಮೀಸೆ ಅಂಟಿಸಿ ನೋಡಿಕೊಳ್ಳುತ್ತಿದ್ದ. ಸುಮ್ಮನೆ ನಿಂತಲ್ಲೇ ಅವನ ಹಣೆ ಬೆವರುತ್ತಿತ್ತು.

“ಕೇಳ್ರಿ. ಈ ಸಲ ಬ್ಯಾರೆ ಪಾತ್ರ ತಗೋರಿ. ಸಣ್ಣದು.”

“ದ್ವಾರಪಾಲಕಂದೇನು? ಈಟಿ ಹಿಡಕೊಂಡು ಬಾಗಲಾ ಕಾಯ್ಲಿ?”

“ಕಾದ್ರೇನಾತು? ಜೀವ ಇದ್ರ ಮುಂದಿನ ವರ್ಷ...”

“ಏ ಅಂಜುಬುರಕಿ,” ಎಂದು ಅವನು ಮೀಸೆ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಸಿಟ್ಟಿರಲಿಲ್ಲ, ಆದರೆ ನಗುವೂ ಇರಲಿಲ್ಲ. “ನಾಲ್ಕ ತಾಲೂಕಿನ ಮಂದಿ ನನ್ನ ಕಾಯಾಕತ್ತೈತಿ. ಹಾಡೂದು ಬಿಟ್ಟು ಬದುಕಿ ಏನ್ ಮಾಡ್ಲಿ? ಮುಂಜಾನಿಂದ ಸಂಜಿತನಕ ನಿಂಬಿಹಣ್ಣ ಆರಿಸ್ಲ್ಯಾ? ನೀ ನಿನ್ನ ಒಡಪು ನೆಪ್ಪಿಟ್ಕೊ, ಸಾಕು.”

ಮರುದಿನ ರವಿವಾರ ಮಧ್ಯಾಹ್ನ ಹಳೆಯ ಅಡತಿ ಗೋದಾಮಿನಲ್ಲಿ ರಂಗತಾಲೀಮು. ತಗಡಿನ ಮಾಡು, ಕೆಳಗೆ ಹತ್ತಿಯ ಧೂಳಿನ ವಾಸನೆ. ಪಾತ್ರಧಾರಿಗಳ ಮನೆಯವರೆಲ್ಲ ಬಂದು ಚಾಪೆಯ ಮೇಲೆ ಕೂತಿದ್ದರು. ರಾಣಿಯ ಪಾತ್ರಕ್ಕೆ ಮುದ್ದೇಬಿಹಾಳದಿಂದ ಕರೆಸಿದ ನಟಿ ಸುಜಾತಾ ಬಸ್ಸಿಳಿದು ಬಂದವಳೇ ಬಣ್ಣ ಹಚ್ಚಿಕೊಂಡಿದ್ದಳು. ಮೈಬೂಬ ಮಾಸ್ತರ ಹಾರ್ಮೋನಿಯಂ ಪೇಟಿಯ ಮುಂದೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದ. ದಾನೇಶ್ವರಿಯನ್ನು ಸಂಗಮೇಶ ಪರದೆಯ ಸಂದಿಯಲ್ಲಿ, ಸಾವಿತ್ರವ್ವ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದ. ಅವಳು ಒಂದು ಕಂಬ ಹಿಡಿದುಕೊಂಡಳು.

ಗುರುಲಿಂಗಪ್ಪ ಅಂದು ಹಾಡಿದ್ದನ್ನು ಕೇಳಿದವರು ಇವತ್ತಿಗೂ ಹೇಳುತ್ತಾರೆ. ಕತ್ತಿ ನಾಟಿತು. ಅವನು ಒಂದು ಕೈಯಿಂದ ಎದೆ ಹಿಡಿದು ದನಿ ಏರಿಸಿದ. ಏರಿಸಿ, ಇನ್ನೂ ಏರಿಸಿದ. ಮಾಡಿನ ತಗಡು ಗುಂಯ್‌ಗುಟ್ಟಿತು. ಮೈಬೂಬ ಜಗಿಯುವುದನ್ನೇ ಮರೆತ. ಗುರುಲಿಂಗಪ್ಪ ಹಿಡಿದುಕೊಂಡದ್ದು ಎಡಗಡೆಯ ಎದೆ. ದಾನೇಶ್ವರಿ ಅದನ್ನು ನೋಡಿದಳು. ಕತ್ತಿ ನಾಟಿದ್ದು ಬಲಕ್ಕೆ.

ಅವನು ಗಿರ್ರನೆ ತಿರುಗಲಿಲ್ಲ. ಅರ್ಧ ತಿರುಗಿ ಮಕಾಡೆ ಬಿದ್ದ. ಕಿರೀಟ ಉರುಳಿ ಸುಜಾತಾಳ ಕಾಲಿನ ಹತ್ತಿರ ಹೋಯಿತು.

“ಏನ್ ಬಿದ್ರಪಾ, ಭಲೇ!” ಎಂದು ಚಾಪೆಯ ಮೇಲಿನಿಂದ ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ರಾಣಿ ತನ್ನ ನಾಲ್ಕು ಮಾತು ಅತ್ತು ಮುಗಿಸಿದಳು. ಮೈಬೂಬ ಶೋಕದ ಧಾಟಿ ಹಿಡಿದು ಮೆಲ್ಲಗೆ ನುಡಿಸತೊಡಗಿದ. ಹೆಣ ಏಳುವವರೆಗೂ ಅವನು ಅದನ್ನು ನಿಲ್ಲಿಸುವಂತಿರಲಿಲ್ಲ. ಸಂಗಮೇಶ ಈ ಕಡೆ ತಿರುಗಿ ಕೈಸನ್ನೆ ಮಾಡಿದ, ಹೂಂ, ಕರೀರಿ.

ಇಪ್ಪತ್ತು ವರ್ಷಕ್ಕೂ ಮೇಲೆ ಜೊತೆಗಿದ್ದ ಹೆಂಡತಿಗೆ ಗಂಡನ ಗುಟ್ಟುಗಳು ಗೊತ್ತಿರುತ್ತವೆ. ಗುರುಲಿಂಗಪ್ಪ ಎಷ್ಟು ಚೆನ್ನಾಗಿ ಸತ್ತರೂ ಅವನ ಬಲಗಾಲಿನ ಹೆಬ್ಬೆರಳು ಮಾತ್ರ ಸಾಯುತ್ತಿರಲಿಲ್ಲ. ಪೇಟಿಯ ತಾಳಕ್ಕೆ ಸರಿಯಾಗಿ, ಧೋತರದ ಅಂಚಿನೊಳಗೆ, ಅದು ಅಲ್ಲಾಡುತ್ತಲೇ ಇರುತ್ತಿತ್ತು. ಅವಳಿಗೆ ನಗು ಬರುತ್ತಿದ್ದುದು ಅದಕ್ಕೇ. ಇವತ್ತು ಅವಳು ಆ ಹೆಬ್ಬೆರಳನ್ನೇ ನೋಡುತ್ತ ನಿಂತಳು. ಪೇಟಿ ಒಂದು ಸುತ್ತು ಮುಗಿಸಿತು, ಇನ್ನೊಂದು ಸುತ್ತು ಶುರುಮಾಡಿತು. ಹೆಬ್ಬೆರಳು ಅಲ್ಲಾಡಲಿಲ್ಲ.

ನಿಂಬಿಯ ಹೂವೂ ಹೋಯಿತು, ಎಳ್ಳಷ್ಟು ನೋವೂ ಹೋಯಿತು. ಅವಳ ತಲೆಯಲ್ಲಿ ಒಂದು ಅಕ್ಷರವೂ ಉಳಿಯಲಿಲ್ಲ.

“ಗುರುಲಿಂಗಾ!”

ಆ ದನಿ ಯಾರದೆಂದು ಅವಳಿಗೇ ತಿಳಿಯಲಿಲ್ಲ. ಒಡಪಿಲ್ಲ, ‘ಅಪ್ಪ’ ಇಲ್ಲ, ‘ಅವರು’ ಇಲ್ಲ, ಹೊಲದಿಂದ ದನ ಕರೆದ ಹಾಗೆ ಕರೆದಿದ್ದಳು. ಚಾಪೆಯ ಮೇಲಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಮಲಗಿದವನಿಂದ ‘ಓ’ ಬರಲಿಲ್ಲ.

“ಗುರುಲಿಂಗಾ! ಏಳೋ!”

ಇಲ್ಲ. ಯಾರೋ ಕಿಸಕ್ಕನೆ ನಕ್ಕರು. ಇನ್ನು ಉಳಿದದ್ದು ಆಣೆ ಒಂದೇ, ಅದನ್ನೂ ಮುರಿದಳು.

“ಅವರಿಗೆ ಎದಿಬ್ಯಾನಿ ಐತ್ರೀ! ಒದರಬ್ಯಾಡಂತ ಡಾಕ್ಟರು ಹೇಳ್ಯಾರ್ರೀ! ನಾಟಕ ಅಲ್ರೀ ಇದು, ಯಾರರ ಎತ್ರೀ!”

ಯಾರೂ ಎತ್ತಲಿಲ್ಲ. ಕೆಟ್ಟವರಲ್ಲ ಅವರು. ‘ಓ’ ಅನ್ನದ ಹೆಣವನ್ನು ಮುಟ್ಟಬಾರದು ಎಂಬುದು ಅವರ ರಕ್ತದಲ್ಲಿತ್ತು. ಸಂಗಮೇಶ ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತ. ಮೈಬೂಬನ ಬೆರಳು ತಪ್ಪಿ ಎರಡು ಸ್ವರ ಒಟ್ಟಿಗೆ ಕೂಗಿದವು, ಆದರೂ ಅವನು ನಿಲ್ಲಿಸಲಿಲ್ಲ. ದಾನೇಶ್ವರಿ ರಂಗದ ಮೇಲೆ ಓಡಿ ಗಂಡನ ಭುಜ ಹಿಡಿದು ತನ್ನೆಲ್ಲ ಬಲ ಹಾಕಿ ಹೊರಳಿಸಿದಳು.

“ಓ,” ಎಂದ ಅವನು.

ಕಣ್ಣು ತೆರೆದ. ಅವಳನ್ನು ನೋಡಿದ, ಮಂದಿಯನ್ನು ನೋಡಿದ. ನಿಧಾನಕ್ಕೆ ಎದ್ದು ಕೂತ. ಆಮೇಲೆ ಮೀಸೆಯ ಮೇಲೆ ಕೈಯಾಡಿಸಿ ನಕ್ಕ.

“ಒಡಪು ಹಾಕ್ತಾಳಂತ ಕಾಯಾಕತ್ತಿದ್ದೆ. ಅದನ್ನ ಬಿಟ್ಟು ಎಮ್ಮಿ ಕರದಂಗ ಕರದ್ಲಲ್ಲಪಾ!”

ಗೋದಾಮು ನಗೆಯಿಂದ ತುಂಬಿಹೋಯಿತು. ಸುಜಾತಾ ಕಿರೀಟ ಎತ್ತಿಕೊಟ್ಟು ತಾನೂ ನಕ್ಕಳು. ಸಂಗಮೇಶ ಮಾತ್ರ ಹತ್ತಿರ ಬಂದು ಸಣ್ಣದನಿಯಲ್ಲಿ ಕೇಳಿದ, “ಅಣ್ಣಾರ, ವೈನಿ ಎದಿಬ್ಯಾನಿ ಅಂದ್ರು...”

“ಏ, ಶ್ರಾವಣದಾಗ ಒಮ್ಮೆ ಹೋಳಿಗಿ ಹೆಚ್ಚಾಗಿ ವಾಯು ಆಗಿತ್ತೋ ಮಾರಾಯ. ಇಕಿ ಅದನ್ನ ಇಷ್ಟ ದೊಡ್ಡದ ಮಾಡ್ಯಾಳ. ಬೇಕಂದ್ರ ಇನ್ನೊಮ್ಮೆ ಸಾಯ್ಲೇನು, ನೋಡ್ತಿಯೇನು?”

“ಸಾಕ್ರಿ, ಸಾಕ್ರಿ,” ಎಂದು ಸಂಗಮೇಶನೂ ನಕ್ಕ. ದಾನೇಶ್ವರಿ ಎಲ್ಲರ ಮುಂದೆ ರಂಗದ ನಡುವೆ ತಲೆತಗ್ಗಿಸಿ ನಿಂತಿದ್ದಳು. ಹೆಸರು ಹೇಳಿದ್ದೂ ಆಯಿತು, ಆಣೆ ಮುರಿದದ್ದೂ ಆಯಿತು, ಬಂದ ಫಲ ಇಷ್ಟು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

ಮನೆ ಇದ್ದದ್ದು ಊರ ಹೊರಗೆ, ಸಿಂದಗಿ ರಸ್ತೆಯಲ್ಲಿ. ಗುರುಲಿಂಗಪ್ಪ ಮುಖದ ಬಣ್ಣವನ್ನೂ ಒರೆಸದೆ, ಧೋತರ ಬದಲಿಸದೆ, ಮುಂದೆ ಮುಂದೆ ನಡೆದ. ಅವಳು ಹಿಂದೆ ನಡೆದಳು. ಬಿಸಿಲು ಇನ್ನೂ ಇತ್ತು. ಅವನು ಹೊರಳಿಯೂ ನೋಡಲಿಲ್ಲ. ಮೊದಲು ಅವಳಿಗೆ ಅವನ ಸಿಟ್ಟಿನ ಭಯವಾಯಿತು. ಆಮೇಲೆ, ಸಿಟ್ಟಿನಲ್ಲಿ ಹೀಗೆ ಬಿರಬಿರನೆ ನಡೆದರೆ ಎದೆಗೆ ಏನಾದೀತೋ ಎಂಬ ಭಯ. ನಿಧಾನ ಹೋಗಿ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಇವತ್ತಿನ ಮಟ್ಟಿಗೆ ಅವಳ ಬಾಯಿ ಸಾಕಷ್ಟು ಮಾಡಿತ್ತು.

ಹೆಜ್ಜೆ ತಾನಾಗಿ ನಿಧಾನವಾಯಿತು. ಹಳ್ಳದ ಸಣ್ಣ ಸೇತುವೆಯ ಹತ್ತಿರ ಅವನು ನಿಂತ, ಕಟ್ಟೆಯನ್ನು ತಡವಿ ಕೂತ. ಅವಳು ಬೈಗುಳ ಕಾಯುತ್ತ ನಾಲ್ಕು ಮಾರು ದೂರದಲ್ಲೇ ನಿಂತುಕೊಂಡಳು.

“ಇಲ್ಲಿ ಬಾ.”

ಬಂದಳು. ಬೆವರು ಇಳಿದು ಬಣ್ಣ ಕುತ್ತಿಗೆಯವರೆಗೆ ಹರಿದಿತ್ತು. ಬಣ್ಣ ಹೋದ ಕಡೆ ಅವನ ಚರ್ಮ ಬೂದಿಯ ಹಾಗೆ ಕಾಣುತ್ತಿತ್ತು.

“ನೀ ಕರದದ್ದು ಕೇಳಿತ್ತು,” ಎಂದ. “ಎರಡೂ ಸಲ.”

“ಕೇಳಿದ್ರ ಓ ಅನ್ನಾಕ ಏನಾಗಿತ್ರಿ ನಿಮಗ? ನನ್ನ ಜೀವ ಹೋಗಿ ಬಂತಲ್ರಿ!”

“ಅನ್ನಾಕ ಬರ್ಲಿಲ್ಲ.” ಅವನು ಒಂದೊಂದೇ ಮಾತು ಎತ್ತಿಟ್ಟ ಹಾಗೆ ಹೇಳಿದ. “ಬಾಯಿ ಏಳ್ಲಿಲ್ಲ. ಕೈ ಎತ್ತಾಕ ನೋಡಿದೆ, ಕೈ ಬರ್ಲಿಲ್ಲ. ಮೈಬೂಬ ಬಾರಸಾಕತ್ತಿದ್ದ, ಮಂದಿ ಭಲೇ ಭಲೇ ಅನ್ನಾಕತ್ತಿತ್ತು. ನಾ ಒಳಗಿಂದೊಳಗ ಒದರಾಕತ್ತಿದ್ದೆ, ಯಾರರ ಬರ್ರಪೋ ಅಂತ. ಒಬ್ಬರಿಗೂ ಕೇಳ್ಲಿಲ್ಲ. ನೀ ಹೊರಳಿಸಿದಿ ನೋಡು, ಆಗ ಉಸಿರು ಬಂತು.”

“ಮತ್ತ ಅಲ್ಲಿ ನಕ್ಕೊಂತ ಹೇಳಿದ್ರಲ್ರಿ, ಕಾಯಾಕತ್ತಿದ್ದೆ ಅಂತ?”

“ನಟನಾ ಮಾಡಿದೆ.”

ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಹೋಗುತ್ತಿದ್ದವು, ಗಾಡಿಯವರು ಹೊರಳಿ ನೋಡುತ್ತಿದ್ದರು. ಗುರುಲಿಂಗಪ್ಪ ಅದನ್ನು ಲೆಕ್ಕಿಸದೆ ಹೆಂಡತಿಯ ಸೆರಗು ಹಿಡಿದುಕೊಂಡ, ಜಾತ್ರೆಯಲ್ಲಿ ತಾಯಿಯ ಸೆರಗು ಹಿಡಿದ ಕೂಸಿನ ಹಾಗೆ.

“ದಾನವ್ವಾ, ನನಗ ಅಂಜಿಕಿ ಬಂದೈತಿ. ಮತ್ತ ಹಂಗ ಆಗಾಕತ್ತೈತಿ.”

ಇಷ್ಟು ದಿನ ಇಬ್ಬರ ಪಾಲಿನ ಭಯವನ್ನೂ ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳಲ್ಲ, ಅವನು ತನ್ನ ಪಾಲನ್ನು ತೆಗೆದುಕೊಂಡ ಕೂಡಲೇ ಅವಳಿಗೆ ಕೈಕಾಲು ಬಂದವು. ರಸ್ತೆಯ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತಳು. ಇಂಡಿಯ ಕಡೆ ಹೊರಟಿದ್ದ ಟೆಂಪೊ ಕಿರ್ರೆಂದು ಬ್ರೇಕು ಹಾಕಿತು. ಇಬ್ಬರು ಇಳಿದು ಗುರುಲಿಂಗಪ್ಪನನ್ನು ಎತ್ತಿ ಒಳಗೆ ಕೂರಿಸಿದರು. ಡ್ರೈವರ್ ಬಣ್ಣದ ಮುಖ ನೋಡಿ ಗುರುತು ಹಿಡಿದ.

“ಏನ್ರಿ ಸಾಹುಕಾರ್ರ, ನಾಟಕ ಯಾವತ್ತ್ರಿ?”

“ನಾಟಕ ಇಲ್ಲಪಾ,” ಎಂದಳು ದಾನೇಶ್ವರಿ. “ದವಾಖಾನಿಗೆ ನಡಿ, ಲಗೂನ.”

ಅವಳು ಗಂಡನ ಮುಖ ನೋಡಿದಳು. ಅವನು ಇಲ್ಲ ಅನ್ನಲಿಲ್ಲ. ಅವಳ ಹೆಗಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದ.

“ಕಣ್ಣ ಮುಚ್ಚಬ್ಯಾಡ್ರಿ,” ಎಂದಳು.

ಅವನು ತೆರೆದ. ಟೆಂಪೊ ಊರ ಕಡೆ ಓಡಿತು. ದಾರಿಯುದ್ದಕ್ಕೂ ಅವಳು ಅದೊಂದೇ ಮಾತನ್ನು ಹೇಳುತ್ತ ಹೋದಳು, ಮತ್ತೆ ಮತ್ತೆ, ಹೇಳಿದಷ್ಟು ಸಲವೂ ಅವನು ತೆರೆದನೋ ಇಲ್ಲವೋ ಎಂದು ಬಾಗಿ ನೋಡುತ್ತ.